ಬುರಾ ಬೇರೆ, ಬುರ್ರ ಬೇರೆ

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಮನೆಯ ಹಾಡು, ಊರಿನ ಹಾಡಿನ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಹೋದ ಸಂಚಿಕೆಯಲ್ಲಿ ಹೇಳಿದ್ದೆ. ಅಂಚೆಯಲ್ಲಿ ಹನ್ನೊಂದು ಪತ್ರ ಬಂದವು. ವಾಟ್ಸಾಪಿನಲ್ಲಿ ಬಂದದ್ದಕ್ಕೆ ಲೆಕ್ಕ ಇಲ್ಲ. ಕುಕನೂರಿನ ಕಡೆಯ ಒಬ್ಬರಂತೂ ಎಂಟು ನಿಮಿಷದ ಪದವನ್ನೇ ಹಾಡಿ ಕಳಿಸಿ, "ಇದಕ್ಕ ಉತ್ತರ ಕೊಡ್ರಿ ನೋಡೋಣು" ಅಂದಿದ್ದಾರೆ. ಸವಾಲಿನ ಪದಕ್ಕೆ ಪದದಲ್ಲೇ ಜವಾಬು ಕೊಡಬೇಕು. ನನ್ನ ದನಿ ಪತ್ರಿಕೆಯಲ್ಲಿ ಕೇಳಿಸುವುದಿಲ್ಲ, ಅದು ಓದುಗರ ಪುಣ್ಯ. ಹೀಗಾಗಿ ಸೋತೆ ಅಂತ ಒಪ್ಪಿಕೊಂಡು ಉಳಿದವರ ಪ್ರಶ್ನೆಗೆ ಬರುತ್ತೇನೆ.

*

"ಅಕ್ಕೋರೇ, ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಆಫ್ರಿಕಾದವರು ಮರದ ಪಟ್ಟಿಗಳನ್ನು ಬಾರಿಸುತ್ತಾ ಕುಣಿಯುತ್ತಿದ್ದರು. ಕೆಳಗೆ 'ಬುರಾ ಜನರ ಹಾಡು' ಅಂತ ಇತ್ತು. ನನ್ನ ಗೆಳತಿ ಇದು ನಮ್ಮ ಬುರ್ರಕಥೆಯೇ, ಅಲ್ಲಿಂದಲೇ ಬಂದದ್ದು ಅಂತ ಹಟ ಹಿಡಿದಿದ್ದಾಳೆ. ಹೌದಾ? ಅವರ ಬದುಕಿನಲ್ಲಿ ಹಾಡಿಗೆ ಏನು ಕೆಲಸ?"
– ಬಿ.ಎ. ವಿದ್ಯಾರ್ಥಿನಿ, ಸಿರುಗುಪ್ಪ

ನಿನ್ನ ಗೆಳತಿಗೆ ಅರ್ಧ ಅಂಕ ಕೊಡೋಣ. ಹೆಸರು ಕಿವಿಗೆ ಒಂದೇ ತರ ಬೀಳುತ್ತದೆ, ಅಷ್ಟೇ. ಬುರಾ ಬೇರೆ, ಬುರ್ರ ಬೇರೆ.

ಬುರ್ರ ಅಂದರೆ ಬುರುಡೆ. ಕಥೆ ಹೇಳುವವರು ಹೆಗಲಿಗೆ ಹಾಕಿಕೊಳ್ಳುವ ತಂಬೂರಿಯ ಬುರುಡೆಯಿಂದ ಆ ಹೆಸರು ಬಂತು ಅನ್ನುತ್ತಾರೆ. ನಿಮ್ಮ ಜಿಲ್ಲೆಯಲ್ಲೇ, ಸಂಡೂರು ತಾಲ್ಲೂಕಿನಲ್ಲಿ ದರೋಜಿ ಇದೆಯಲ್ಲ, ಈಗ ಕರಡಿ ಧಾಮ ನೋಡೋಕೆ ಎಲ್ಲರೂ ಹೋಗುತ್ತಾರಲ್ಲ, ಆ ಊರಿನ ಈರಮ್ಮನವರು ಈ ಕಲೆಯ ದೊಡ್ಡ ಹೆಸರು. ಬುಡ್ಗ ಜಂಗಮ ಸಮುದಾಯದವರು. ಓದು ಬರಹ ಬಾರದು. ಆದರೆ ಕುಮಾರರಾಮನ ಕಥೆ, ಬಾಲನಾಗಮ್ಮನ ಕಥೆ ಅಂತ ರಾತ್ರಿಗಟ್ಟಲೆ ಹಾಡುವ ಹತ್ತಾರು ಕಾವ್ಯ ಅವರ ನಾಲಿಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ತೀರಿಕೊಂಡರು. ಆ ಸಮುದಾಯದವರ ಮನೆಮಾತು ತೆಲುಗು, ಕಥೆ ಕೇಳುವವರದು ಕನ್ನಡ. ಹಾಡಿನಲ್ಲಿ ಎರಡೂ ಕೂಡಿಕೊಂಡು ಬರುತ್ತವೆ. ಸಿರುಗುಪ್ಪದವಳು ನೀನು, ಇದನ್ನು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಬುರಾ. ಇದು ನೈಜೀರಿಯಾ ದೇಶದ ಈಶಾನ್ಯ ಮೂಲೆಯ ಒಂದು ಜನಾಂಗದ ಹೆಸರು, ಅವರ ಭಾಷೆಯ ಹೆಸರೂ ಅದೇ. ಬೋರ್ನೋ ರಾಜ್ಯದ ದಕ್ಷಿಣಕ್ಕೆ ಬಿಯು ಅಂತ ಊರಿದೆ. ಅದರ ಸುತ್ತಮುತ್ತ, ಮತ್ತೆ ಪಕ್ಕದ ಅಡಮಾವಾ ರಾಜ್ಯದ ಗರ್ಕಿಡಾ ಕಡೆ ಇವರು ಇದ್ದಾರೆ. ಬಿಯು ಸೀಮೆ ಹಳೇ ಜ್ವಾಲಾಮುಖಿಯ ಕಲ್ಲಿನ ಎತ್ತರದ ನೆಲ. ಅಲ್ಲಿನ ಪೇಟೆಯ ಮಾತು ಹೌಸಾ, ಶಾಲೆಯ ಮಾತು ಇಂಗ್ಲಿಷ್, ಮನೆಯ ಮಾತು ಬುರಾ. ಹೌಸಾಕ್ಕೂ ಬುರಾಕ್ಕೂ ದೂರದ ನಂಟಿದೆ, ಎರಡೂ ಚಾಡಿಕ್ ಅನ್ನುವ ಗುಂಪಿನವು. (ನೈಜರ್ ದೇಶದಲ್ಲಿ ಬುರಾ ಅಂತ ಇನ್ನೊಂದು ಹೆಸರಿದೆ. ಅಲ್ಲಿ ನೆಲ ಅಗೆದಾಗ ಹಳೇ ಸುಟ್ಟ ಮಣ್ಣಿನ ಗೊಂಬೆಗಳು ಸಿಕ್ಕಿವೆ. ಅದು ಬೇರೆ ಜಾಗ. ಫೋನಿನಲ್ಲಿ ಹುಡುಕಿದರೆ ಎರಡೂ ಕಲಸಿಕೊಂಡು ಬರುತ್ತವೆ, ಹುಷಾರು.)

ನೀನು ನೋಡಿದ ಕುಣಿತ ಬಹುಶಃ ಬನ್ಸುವೆ ಇರಬೇಕು. ಬುರಾ ಜನರ ಹೆಸರಾದ ಕುಣಿತ ಅದೇ. ಮದುವೆ, ಹಬ್ಬ ಅಂದರೆ ಅದು ಬೇಕೇ ಬೇಕು. ಆ ಮರದ ಪಟ್ಟಿಯ ವಾದ್ಯವನ್ನು ಇನ್ನೊಂದು ಸಲ ನೋಡು. ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿರುತ್ತಾರೆ. ಒಂದೊಂದು ಪಟ್ಟಿಯ ಕೆಳಗೂ ಒಂದೊಂದು ಕೊಂಬು ಜೋತು ಬಿದ್ದಿರುತ್ತದೆ. ಹೌದು, ದನದ ಕೊಂಬು! ಮೇಲೆ ಕೋಲಿನಿಂದ ಹೊಡೆದ ಸದ್ದು ಕೊಂಬಿನೊಳಗೆ ಇಳಿದು, ತಿರುಗಿ, ಗುಂಯ್ ಅಂತ ಹೊರಗೆ ಬರುತ್ತದೆ. ನಮ್ಮ ತಂಬೂರಿಯ ಬುರುಡೆ ಮಾಡುವ ಕೆಲಸವನ್ನು ಅಲ್ಲಿ ಕೊಂಬು ಮಾಡುತ್ತದೆ. ನಿನ್ನ ಗೆಳತಿಗೆ ಅರ್ಧ ಅಂಕ ಕೊಟ್ಟದ್ದು ಇದಕ್ಕೇ.

ಹಾಡಿಗೆ ಏನು ಕೆಲಸ ಅಂತ ಕೇಳಿದ್ದೀಯ. ಒಂದು ಉದಾಹರಣೆ ಹೇಳುತ್ತೇನೆ. 1923ರಲ್ಲಿ ಅಮೆರಿಕದ ಇಬ್ಬರು ಪಾದ್ರಿಗಳು ಗರ್ಕಿಡಾಕ್ಕೆ ಬಂದು, ಒಂದು ಹುಣಸೆ ಮರದ ಕೆಳಗೆ ಮೊದಲ ಪ್ರಾರ್ಥನೆ ಮಾಡಿದರು. ಆಮೇಲೆ ಶಾಲೆ, ಆಸ್ಪತ್ರೆ, ಬುರಾ ಭಾಷೆಯ ಪುಸ್ತಕ ಎಲ್ಲಾ ಬಂದವು. ಅಂದರೆ ಅವರ ಮಾತು ಕಾಗದಕ್ಕೆ ಇಳಿದು ಹೆಚ್ಚು ಕಡಿಮೆ ನೂರು ವರ್ಷ. ಅದಕ್ಕೂ ಮುಂಚೆ? ಯಾರು ಯಾರ ಮಗ, ಯಾವ ರಾಜ ಎಲ್ಲಿಂದ ಬಂದ, ಸೊಸೆ ಹೇಗಿರಬೇಕು, ಸೋಮಾರಿಗೆ ಏನಾಗುತ್ತದೆ – ಇದೆಲ್ಲ ಬಾಯಲ್ಲೇ ಇತ್ತು. ಬಿಯು ಅರಸರ ಮೂಲಪುರುಷ ಯಮ್ತರಾವಾಲಾ ಅನ್ನುವವನ ಕಥೆ ಹಾಗೆ ಬಾಯಿಂದ ಬಾಯಿಗೆ ಬಂದದ್ದು. ನಮಗೆ ಗಂಗಾವತಿ ಹತ್ತಿರದ ಕುಮ್ಮಟದುರ್ಗದ ಕುಮಾರರಾಮ ಬಂದ ಹಾಗೆ. ಅವನು ಸತ್ತು ಏಳು ನೂರು ವರ್ಷ ಆಗುತ್ತಾ ಬಂತು. ಇತಿಹಾಸದ ಪಾಠದಲ್ಲಿ ಅವನಿಗೆ ಎರಡು ಸಾಲು. ಈರಮ್ಮನವರ ಬಾಯಲ್ಲಿ ಎಷ್ಟೋ ರಾತ್ರಿ.

ಇನ್ನೊಂದು ಮಾತು. ಬೋರ್ನೋ ಸೀಮೆಯಲ್ಲಿ 2009ರಿಂದ ಬಂದೂಕಿನವರ ಹಾವಳಿ. 2014ರಲ್ಲಿ ಚಿಬೋಕ್ ಅನ್ನುವ ಊರಿನ ಶಾಲೆಯಿಂದ 276 ಹುಡುಗಿಯರನ್ನು ಎತ್ತಿಕೊಂಡು ಹೋದದ್ದು ನಿಮಗೆಲ್ಲ ನೆನಪಿರಬಹುದು. ಅದೂ ಆ ದಕ್ಷಿಣ ಬೋರ್ನೋದಲ್ಲೇ ಇದೆ. ಲಕ್ಷಗಟ್ಟಲೆ ಜನ ಊರು ಬಿಟ್ಟರು. ಊರು ಬಿಡುವಾಗ ಆ ಕೊಂಬಿನ ವಾದ್ಯವನ್ನು ಯಾರು ಹೊತ್ತುಕೊಳ್ಳುತ್ತಾರೆ, ಹೇಳು? ಹಾಡಾದರೆ ಗಂಟು ಕಟ್ಟಬೇಕಾಗಿಲ್ಲ.

ನಂಟು ಬೇಕೇ ಬೇಕು ಅನ್ನುವುದಾದರೆ ಒಂದಿದೆ, ಅದು ಹಾಡಿನದಲ್ಲ, ಜೋಳದ್ದು. ಬಿಳಿಜೋಳ ನಮ್ಮದೇ ಅಂತ ನಾವು ಎದೆ ತಟ್ಟಿಕೊಳ್ಳುತ್ತೇವೆ. ಅದು ಮೊದಲು ಬೆಳೆದದ್ದು ಆಫ್ರಿಕಾದಲ್ಲಿ, ಸುಡಾನ್ ಕಡೆ. ಸಾವಿರಾರು ವರ್ಷದ ಹಿಂದೆ ಹಡಗು ಹತ್ತಿ ಈ ಕಡೆ ಬಂತು. ಸಜ್ಜೆಯೂ ಅಲ್ಲಿಯದೇ. ಹುಣಸೆಯೂ ಅಲ್ಲಿಯದೇ. ಬುರಾ ಹೆಂಗಸರೂ ಜೋಳವನ್ನೇ ಹಿಟ್ಟು ಮಾಡಿ, ಗಟ್ಟಿ ಮುದ್ದೆ ತೊಳಸಿ, ಸಾರಿನ ಜೊತೆ ಬಡಿಸುತ್ತಾರೆ. ಗೆಳತಿಗೆ ಹೇಳು: ಬುರ್ರಕಥೆ ಅಲ್ಲಿಂದ ಬರಲಿಲ್ಲ, ಕಥೆ ಕೇಳೋಕೆ ಹೋಗುವ ಮುಂಚೆ ತಿನ್ನುವ ರೊಟ್ಟಿ ಅಲ್ಲಿಂದ ಬಂತು.

*

"ಮಗನ ಮದುವೆಯಲ್ಲಿ ನಾನು, ನನ್ನ ಓರಗಿತ್ತಿ ಸೋಬಾನ ಪದ ಹಾಡೋಕೆ ಕೂತೆವು. ಡೀಜೆ ಹುಡುಗರು ಒಂದು ನಿಮಿಷ ಕೂಡ ಸುಮ್ಮನಿರಲಿಲ್ಲ. ನನ್ನ ಮಗನೇ ಬಂದು 'ಯವ್ವಾ, ಸಾಕ್ ಮುಗಸು' ಅಂದ. ಆವತ್ತಿನಿಂದ ನಾನು ಹಾಡಿಲ್ಲ. ನನ್ನದು ತಪ್ಪಾ?"
– ಗೃಹಿಣಿ, ಸಿಂಧನೂರು ತಾಲ್ಲೂಕು

ತಪ್ಪು ನಿಮ್ಮದಲ್ಲ ತಾಯಿ. ಆದರೆ ಜಾಗ ತಪ್ಪಿತು. ಸೋಬಾನ ಪದ ಯಾವತ್ತೂ ಪೆಂಡಾಲಿನ ಹಾಡಲ್ಲ. ಅರಿಷಿಣ ಹಚ್ಚುವಾಗ, ಸುರಗಿ ಸುತ್ತುವಾಗ, ಬೀಗರು ಬಂದು ಕೈಕಾಲು ತೊಳೆಯುವಾಗ, ಹೆಣ್ಣು ಒಪ್ಪಿಸುವಾಗ ಹಾಡುವಂಥದ್ದು. ಕೇಳುವವರು ಹತ್ತು ಮಂದಿ, ಹಾಡುವವರು ನಾಲ್ಕು ಮಂದಿ. ಅದನ್ನು ಮೈಕಿನ ಮುಂದೆ ತಂದರೆ ಡೀಜೆ ಮುಂದೆ ಸೋಲಲೇಬೇಕು. ಆ ಪೆಟ್ಟಿಗೆಗಳ ಸದ್ದಿಗೆ ನಮ್ಮ ಮನೆ ಕಪಾಟಿನ ಗಾಜೇ ನಡುಗುತ್ತದೆ, ನಿಮ್ಮ ದನಿ ಏನು ಮಾಡೀತು?

ಹಳೆಯ ಮದುವೆಯಲ್ಲಿ ಬೀಗರನ್ನು ಬೈಯುವ ಪದ ಹಾಡುತ್ತಿದ್ದರಲ್ಲ, ನೆನಪಿದೆಯಾ? ಬೀಗಿತ್ತಿಯ ಮೂಗು, ಬೀಗರ ಹೊಟ್ಟೆ, ಅವರು ತಂದ ಉಂಡಿಯ ಗಾತ್ರ, ಯಾವುದನ್ನೂ ಬಿಡುತ್ತಿರಲಿಲ್ಲ. ಅದೇ ಮಾತನ್ನು ಎದುರಿಗೆ ನಿಂತು ಆಡಿದರೆ ಮದುವೆ ಮುರಿಯುತ್ತಿತ್ತು. ಹಾಡಿದರೆ ಬೀಗಿತ್ತಿ ತಾನೂ ನಕ್ಕು, ತನ್ನ ಕಡೆಯವರನ್ನು ಸೇರಿಸಿಕೊಂಡು ತಿರುಗಿ ಹಾಡುತ್ತಿದ್ದಳು. ನನ್ನ ಪ್ರಕಾರ ಹಾಡಿನ ದೊಡ್ಡ ಉಪಯೋಗ ಇದೇ. ಬಾಯಿಬಿಟ್ಟು ಆಡಲಾಗದ ಮಾತಿಗೆ ಅದೊಂದು ಹಿತ್ತಲ ಬಾಗಿಲು. ಭಕ್ತಿ, ಸಂಸ್ಕೃತಿ, ಪರಂಪರೆ ಅಂತ ಭಾಷಣದಲ್ಲಿ ಹೇಳುವುದೆಲ್ಲ ಆಮೇಲೆ.

ಮೊಮ್ಮಗನ ತೊಟ್ಟಿಲು ಹಾಕುವಾಗ ಹಾಡಿ. ಆ ಹೊತ್ತಿಗೆ ಡೀಜೆಯವರನ್ನು ಯಾರೂ ಕರೆಯುವುದಿಲ್ಲ, ಕೂಸು ಎದ್ದರೆ ನಿಮ್ಮ ಮಗನೇ ಎತ್ತಿಕೊಂಡು ತಿರುಗಬೇಕಲ್ಲ. "ಸಾಕ್ ಮುಗಸು" ಅಂದ ಮಗನ ಮೇಲೆ ಜೋಗುಳದಲ್ಲೇ ಎರಡು ನುಡಿ ಕಟ್ಟಿ ಸೇರಿಸಿ. ಕೂಸಿಗೆ ತಿಳಿಯುವುದಿಲ್ಲ. ಮಗನಿಗೆ ತಿಳಿಯುತ್ತದೆ.

*

"ನಮ್ಮ ಊರಲ್ಲಿ ಈಗ ಹಂತಿ ಪದ ಹಾಡುವವರೇ ಇಲ್ಲ. ಜನರಿಗೆ ಅಭಿಮಾನ ಕಡಿಮೆ ಆಯಿತು ಅಲ್ವಾ?"
– ರೈತ, ಯಲಬುರ್ಗಾ ತಾಲ್ಲೂಕು

ಅಭಿಮಾನದ ಪ್ರಶ್ನೆ ಅಲ್ಲರಿ, ಹಂತಿಯೇ ಇಲ್ಲವಲ್ಲ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ರಾತ್ರಿಯಿಡೀ ತೆನೆ ತುಳಿಸುತ್ತಿದ್ದರು. ಹಿಂದೆ ನಡೆಯುವ ಮನುಷ್ಯನಿಗೆ ನಿದ್ದೆ ಬರಬಾರದು, ಎತ್ತಿನ ಹೆಜ್ಜೆ ನಿಲ್ಲಬಾರದು. ಅದಕ್ಕೆ ಪದ. ಈಗ ಮಷೀನ್ ಬರುತ್ತದೆ, ಒಂದು ತಾಸಿನಲ್ಲಿ ರಾಶಿ ಮುಗಿಯುತ್ತದೆ, ಡ್ರೈವರ್ ಕಿವಿಗೆ ಇಯರ್‌ಫೋನ್. ಬೇಕಾದರೆ ಅವನನ್ನೇ ಕೇಳಿ, ಅವನೂ ಹಾಡು ಕೇಳುತ್ತಲೇ ಇರುತ್ತಾನೆ.

ನೀರಾವರಿಯ ಕಥೆಯೂ ಸ್ವಲ್ಪ ಹೀಗೇ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಕಾಲುವೆಗೆ ಬಂತು. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಜೋಳದ ಹೊಲ ಹೋಗಿ ಭತ್ತದ ಗದ್ದೆ ಆಯಿತು. ಆಂಧ್ರದ ಕಡೆಯಿಂದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಬೀಸುವ ಪದ ಕಡಿಮೆ ಆದವು, ನಾಟಿ ಹಚ್ಚುವ ಪದ ಜಾಸ್ತಿ ಆದವು. ನಾನು ಸಿಂಧನೂರಿನ ಹತ್ತಿರ ಟೀಚರ್ ಆಗಿದ್ದಾಗ ಶಾಲೆಯ ಹಿಂದಿನ ಗದ್ದೆಯಲ್ಲಿ ಹೆಂಗಸರು ಹಾಡುವುದು ಕೇಳುತ್ತಿತ್ತು. ಮೊದಲ ಸಾಲು ತೆಲುಗು, ಎರಡನೇ ಸಾಲು ಕನ್ನಡ. ಮಕ್ಕಳಿಗೆ ನಾಲ್ಕನೇ ಮಗ್ಗಿ ಬಾರದಿದ್ದರೂ ಆ ಪದ ಪೂರ್ತಿ ಬರುತ್ತಿತ್ತು.

*

"ನನ್ನ ಅಜ್ಜಿಗೆ ಬೀಸುವ ಪದ ನೂರಾರು ಬರುತ್ತವೆ ಅಂತ ಅಪ್ಪ ಹೇಳುತ್ತಾನೆ. ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ದೀಪಾವಳಿಗೆ ಹೋದಾಗ ಫೋನ್ ಹಿಡಿದು 'ಹಾಡು ಅಜ್ಜಿ' ಅಂದೆ. 'ಎಲ್ಲಾ ಮರ್ತೀನಿ' ಅಂದಳು. ಹೇಗೆ ಹಾಡಿಸುವುದು? ಅವಳಿಗೆ ಈಗ ಎಂಬತ್ತು ದಾಟಿದೆ."
– ಲಿಂಗಸುಗೂರು ತಾಲ್ಲೂಕಿನ ಯುವಕ

ಈ ಪತ್ರ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಯಾಕೆಂದರೆ ಇದೇ ತಪ್ಪನ್ನು ನಾನು 1988ರಲ್ಲಿ ಮಾಡಿದ್ದೇನೆ.

ನಮ್ಮದು ಕುಷ್ಟಗಿ ತಾಲ್ಲೂಕಿನ ಒಂದು ಸಣ್ಣ ಊರು. ಅವ್ವ ಬೀಸುವ ಪದಕ್ಕೆ ಹೆಸರಾದವಳು. ಕೋಳಿ ಕೂಗುವ ಮುಂಚೆ ಎದ್ದು ಕಲ್ಲಿಗೆ ಕೂತರೆ ಪಕ್ಕದ ಮನೆಯವರು ಅವಳ ಹಾಡಿನ ಮೇಲೆ ಹೊತ್ತು ತಿಳಿಯುತ್ತಿದ್ದರು. ದೇವರ ಪದ ಹಾಡುತ್ತಿದ್ದರೆ ಇನ್ನೂ ಕತ್ತಲು. ತವರಿನ ಪದಕ್ಕೆ ಬಂದರೆ ಬೆಳಕು ಹರಿಯಿತು ಅಂತ ಲೆಕ್ಕ. ನಾನು ಮಗ್ಗುಲಲ್ಲಿ ಅವಳ ತೊಡೆಗೆ ತಲೆ ಇಟ್ಟು ಮಲಗಿರುತ್ತಿದ್ದೆ. ಕಲ್ಲು ತಿರುಗಿದ ಹಾಗೆ ತೊಡೆ ಅಲುಗುತ್ತಿತ್ತು, ಮುಖದ ಮೇಲೆ ಹಿಟ್ಟಿನ ಪುಡಿ ಬೀಳುತ್ತಿತ್ತು. ಜೋಳದ ಹಸಿ ಹಿಟ್ಟಿನ ವಾಸನೆ ಬಂದರೆ ಇವತ್ತಿಗೂ ನನಗೆ ನಿದ್ದೆ ಬರುತ್ತದೆ. ಗಿರಣಿಯ ಮುಂದೆ ನಿಂತು ಆಕಳಿಸುವ ಮುದುಕಿ ಕೊಪ್ಪಳದಲ್ಲಿ ಯಾರಾದರೂ ಇದ್ದರೆ ಅದು ನಾನೇ.

ನೌಕರಿ ಸೇರಿ ಕೆಲವು ವರ್ಷದ ಮೇಲೆ ಒಂದು ಟೇಪ್ ರೆಕಾರ್ಡರ್ ಕೊಂಡೆ. ಅರವತ್ತು ನಿಮಿಷದ ಖಾಲಿ ಕ್ಯಾಸೆಟ್ ತೆಗೆದುಕೊಂಡು ಊರಿಗೆ ಹೋದೆ. ಅವ್ವನನ್ನು ಪಡಸಾಲೆಯಲ್ಲಿ ಕೂರಿಸಿ, ಮುಂದೆ ಡಬ್ಬಿ ಇಟ್ಟು, ಗುಂಡಿ ಒತ್ತಿ, "ಹಾಡು" ಅಂದೆ.

ಅವ್ವ ಗಂಟಲು ಸರಿ ಮಾಡಿಕೊಂಡಳು. ಸೆರಗು ಎಳೆದುಕೊಂಡಳು. "ಏನ್ ಹಾಡ್ಲಿ?" ಅಂದಳು. ಮೊದಲ ನುಡಿ ಹೇಳಿದಳು, ಎರಡನೆಯದು ಬರಲಿಲ್ಲ. ಮತ್ತೆ ಮೊದಲಿಂದ. ಮತ್ತೆ ನಿಂತಿತು. ನಾನು ಶಾಲೆಯಲ್ಲಿ ಪದ್ಯ ಒಪ್ಪಿಸುವ ಮಕ್ಕಳನ್ನು ನೋಡುವ ಹಾಗೆ ಅವಳನ್ನು ನೋಡುತ್ತಿದ್ದೆ. ಅವಳು ಎದ್ದು, "ಒಲಿ ಮ್ಯಾಲ ಬ್ಯಾಳಿ ಐತಿ" ಅಂತ ಹೋಗಿಬಿಟ್ಟಳು.

ಸಂಜೆ ನನ್ನ ದೊಡ್ಡವ್ವ ಬಂದಳು. ಕಥೆ ಕೇಳಿ ನಕ್ಕಳು. "ಕೈ ಸುಮ್ಮ ಇಟ್ರ ಬಾಯಿ ಹೆಂಗ ಬರ್ತೈತಿ? ಕಲ್ಲಿಗೆ ಕುಂದ್ರಸು" ಅಂದಳು. ಆಗಲೇ ಊರಿಗೆ ಗಿರಣಿ ಬಂದು ಎಷ್ಟೋ ವರ್ಷ ಆಗಿತ್ತು. ಬೀಸುಕಲ್ಲು ಹಿತ್ತಲಲ್ಲಿತ್ತು, ಮೇಲೆ ಕೋಳಿ ಕೂರುತ್ತಿತ್ತು. ತಂದು ತೊಳೆದು, ಗೂಟ ಗಟ್ಟಿ ಮಾಡಿ, ಮರುದಿನ ನಸುಕಿನಲ್ಲಿ ಇಬ್ಬರನ್ನೂ ಎದುರು ಬದುರು ಕೂರಿಸಿದೆ. "ಸುಮ್ನೆ ತಿರುವು ಅವ್ವ, ಹಿಟ್ಟು ಬೇಕಾಗಿಲ್ಲ" ಅಂದೆ. ಅವ್ವ ಸಿಟ್ಟಾದಳು. "ಬರೇ ಕಲ್ಲು ತಿರುವ್ತಾರೇನ? ಕಲ್ಲಿಗೆ ಕಲ್ಲು ತಿಂದ ಹೋಗ್ತೈತಿ." ಒಂದು ಸೇರು ಜೋಳ ತಂದೆ. ಅವಳು ಒಂದು ಹಿಡಿ ಕಲ್ಲಿನ ಬಾಯಿಗೆ ಹಾಕಿ, ಗೂಟ ಹಿಡಿದು, ಎರಡು ಸುತ್ತು ತಿರುವಿದಳು. ಮೂರನೇ ಸುತ್ತಿಗೆ ಹಾಡು ತಾನಾಗೇ ಬಂತು. ಅವ್ವ ಒಂದು ಸಾಲು ಅಂದರೆ ದೊಡ್ಡವ್ವ ಹಿಡಿದುಕೊಳ್ಳುವಳು. ನಿನ್ನೆ ಮರೆತದ್ದೆಲ್ಲ ಕೈಯಲ್ಲಿತ್ತು.

ನಾನು ಖುಷಿಯಿಂದ ಗುಂಡಿ ಒತ್ತಿ ಕೂತೆ. ನಾಲ್ಕನೆಯದೋ ಐದನೆಯದೋ ನುಡಿ ಆಗಿರಬೇಕು, ಅವ್ವ ನನ್ನ ಕಡೆ ನೋಡದೆಯೇ ಇದನ್ನು ಹಾಡಿದಳು:

ಡಬ್ಬೀಯ ತಂದಾಳ ಹಾಡೆಲ್ಲ ತುಂಬಾಕ
ಹಬ್ಬಾಕ ಬರದಾಕಿ ನನಮಗಳ – ಇವತ್ಯಾಕ
ತಬ್ಬಿ ಕುಂತಾಳ ಕಲ್ಲೀಗಿ

ದೊಡ್ಡವ್ವ ನಗು ತಡೆಯಲಾರದೆ ಗೂಟ ಬಿಟ್ಟಳು. ನಾನೂ ನಕ್ಕೆ. ನಕ್ಕ ಮೇಲೆ ತಿಳಿಯಿತು. ಆ ವರ್ಷ ನಾಗರ ಪಂಚಮಿಗೆ ನಾನು ಹೋಗಿರಲಿಲ್ಲ. ಅದರ ಹಿಂದಿನ ವರ್ಷವೂ ಹೋಗಿರಲಿಲ್ಲ. ಅವ್ವ ಯಾವತ್ತೂ "ಯಾಕ ಬರ್ಲಿಲ್ಲ" ಅಂತ ಕೇಳಿದವಳಲ್ಲ. ಆವತ್ತೂ ಕೇಳಲಿಲ್ಲ. ಹಾಡು ಮುಗಿದ ಮೇಲೆ ಹಿಟ್ಟು ಬಳಿದು ಮೊರಕ್ಕೆ ಹಾಕಿ, "ರೊಟ್ಟಿ ಬಡೀಲೇನ?" ಅಂದಳು, ಅಷ್ಟೇ.

ಆ ಕ್ಯಾಸೆಟ್ ಕಥೆಯನ್ನೂ ಹೇಳಿಬಿಡುತ್ತೇನೆ. ಡಬ್ಬಿಯನ್ನು ಕಲ್ಲಿನ ಪಕ್ಕ ನೆಲದ ಮೇಲೇ ಇಟ್ಟಿದ್ದೆ. ಮನೆಗೆ ಬಂದು ಹಾಕಿದರೆ ಗರಗರ ಸದ್ದೇ ಜಾಸ್ತಿ, ಅವ್ವನ ದನಿ ಅದರ ಹಿಂದೆ ಎಲ್ಲೋ. ಮೂರು ನಾಲ್ಕು ವರ್ಷದ ಮೇಲೆ ನನ್ನ ಮಗ, ಅವನಿಗಾಗ ಹತ್ತು ವರ್ಷ, ಹಿಂಬದಿಯ ಮೇಲೆ ರೇಡಿಯೋದ ಸಿನಿಮಾ ಹಾಡು ತುಂಬಿಸಿಕೊಂಡ. ಮೇಲೆ ಏನೂ ಬರೆದಿರದ ಕ್ಯಾಸೆಟ್, ಖಾಲಿ ಅಂದುಕೊಂಡಿದ್ದಾನೆ ಪಾಪ. ಈಗ ಉಳಿದಿರುವುದು ಮುಂಬದಿಯದು ಮಾತ್ರ. ಆ ಡಬ್ಬಿಯ ನುಡಿ ಅದರಲ್ಲಿದೆ. ದೊಡ್ಡವ್ವನ ನಗುವೂ ಇದೆ. ಅವ್ವ 1996ರಲ್ಲಿ ಹೋದಳು.

ಹೀಗಾಗಿ ನಿನಗೆ ನಾನು ಹೇಳುವುದು ಇಷ್ಟು. "ಹಾಡು" ಅಂತ ಕೇಳಬೇಡ. ಕಲ್ಲು ಎಲ್ಲಿದೆ ಅಂತ ಕೇಳು. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇರುತ್ತದೆ, ಮದುವೆ ಮನೆಯಲ್ಲಿ ಅರಿಷಿಣ ಕೊಂಬು ಬೀಸೋಕೆ ಅಂತ ಒಬ್ಬರಾದರೂ ಇಟ್ಟುಕೊಂಡಿರುತ್ತಾರೆ. ಎಂಬತ್ತು ದಾಟಿದ ಕೈಗೆ ಜೋಳ ಬೀಸುವುದು ಕಷ್ಟ. ಒಂದು ಬೊಗಸೆ ಹೆಸರು ಕೊಡು, ಬೇಳೆ ಒಡೆಯಲಿ, ಹಗುರ ತಿರುಗುತ್ತದೆ. ಎದುರಿಗೆ ಅವಳ ವಾರಿಗೆಯ ಇನ್ನೊಬ್ಬಳನ್ನು ಕೂರಿಸು, ಒಬ್ಬಳೇ ಇದ್ದರೆ ಹಾಡು ಅರ್ಧಕ್ಕೆ ಕುಂಟುತ್ತದೆ. ಫೋನನ್ನು ನೆಲದ ಮೇಲೆ ಇಡಬೇಡ, ಕಲ್ಲಿನ ನಡುಕ ಎಲ್ಲಾ ಅದಕ್ಕೇ ಹೋಗುತ್ತದೆ. ಎತ್ತರಕ್ಕೆ, ದಿಂಬಿನ ಮೇಲೆ, ಅವಳ ಬಾಯಿಯ ಕಡೆಗೆ ಇಡು. ಏರೋಪ್ಲೇನ್ ಮೋಡ್ ಹಾಕು, ಇಲ್ಲದಿದ್ದರೆ ನಿನ್ನ ಮ್ಯಾನೇಜರ್ ಸರಿಯಾಗಿ ಆಗಲೇ ಫೋನ್ ಮಾಡುತ್ತಾನೆ. ಮೊದಲ ದಿನ ಏನೂ ಸಿಗದಿದ್ದರೂ ಬೇಸರ ಬೇಡ. ಮುಗಿದ ಕೂಡಲೇ ಫೈಲಿಗೆ ಅಜ್ಜಿಯ ಹೆಸರು, ಊರು, ತಾರೀಕು ಹಾಕು. ನಮ್ಮ ಮನೆಯ ಕ್ಯಾಸೆಟ್ ಹಾಳಾದದ್ದು ಆ ಒಂದು ಚೀಟಿ ಅಂಟಿಸದೆ.

ಶಬ್ದ ತಿದ್ದಬೇಡ. "ಅಜ್ಜಿ ಅದು 'ಹ' ಅಲ್ಲ" ಅಂತ ಒಂದು ಸಲ ಅಂದರೆ ಸಾಕು, ಮತ್ತೆ ಬಾಯಿ ಬಿಡುವುದಿಲ್ಲ. ನಾನು ಟೀಚರ್, ಈ ರೋಗ ನನಗೆ ಗೊತ್ತು.

ಅವಳನ್ನು ಕೇಳದೆ ಯಾವುದನ್ನೂ ಫೇಸ್‌ಬುಕ್ಕಿಗೆ ಹಾಕಬೇಡ. ಬೀಸುವ ಪದದಲ್ಲಿ ಬರುವ ಅತ್ತೆ, ನಾದಿನಿ, ಮೈದುನ ಎಲ್ಲರೂ ಹಳೇ ಕಥೆಯವರಲ್ಲ. ಕೆಲವರು ಇನ್ನೂ ಅದೇ ಓಣಿಯಲ್ಲಿ ಇರುತ್ತಾರೆ.

*

"ನಾವು ಹಿಂದೂಗಳು. ನಮ್ಮೂರಲ್ಲಿ ಮೊಹರಂಗೆ ಅಲಾಯಿ ಪದ ನಾವೇ ಹಾಡುತ್ತೇವೆ. ಮೈಸೂರು ಕಡೆಯಿಂದ ಬಂದ ಸೊಸೆ 'ನೀವ್ಯಾಕೆ ಹಾಡ್ತೀರಾ?' ಅಂತ ಕೇಳಿದಳು. ಉತ್ತರ ಹೊಳೆಯಲಿಲ್ಲ."
– ಓದುಗರು, ರಾಯಚೂರು ಜಿಲ್ಲೆ

ಸೊಸೆಯನ್ನು ಈ ಸಲ ಮುದಗಲ್ಲಿಗೆ ಕರೆದುಕೊಂಡು ಹೋಗಿ. ಕೋಟೆಯ ಊರು ತುಂಬಿ ಹೋಗಿರುತ್ತದೆ. ಯಾರು ಹಿಂದೂ, ಯಾರು ಮುಸಲ್ಮಾನ ಅಂತ ಗುರುತು ಹಿಡಿಯೋಕೆ ಅವಳಿಗೇ ಹೇಳಿ.

ಹಾಡಿನ ಕಥೆ ಇರಾಕಿನ ಕರ್ಬಲಾದ್ದು. 680ರಲ್ಲಿ ಆದ ಕಾಳಗ. ಹುಸೇನರು, ಅವರ ಕಡೆಯವರು ನೀರು ಸಿಗದೆ ಬಾಯಾರಿ, ಕಾದಾಡಿ ಸತ್ತ ಕಥೆ. ನೀರಿಲ್ಲದೆ ಬಾಯಾರುವುದು ಅಂದರೆ ಏನು ಅಂತ ನಮ್ಮ ಸೀಮೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಥೆ ಬಂತು, ನಮ್ಮ ಧಾಟಿಗೆ ಬಿತ್ತು, ಹೆಜ್ಜೆ ಮೇಳದ ಗೆಜ್ಜೆಗೆ ಹೊಂದಿಕೊಂಡಿತು. ನಮ್ಮೂರಿನಲ್ಲಿ ರಿವಾಯತ್ ಪದ, ಅಂದರೆ ಈ ಮೊಹರಂ ಪದ ಕಟ್ಟುತ್ತಿದ್ದ ಹಿರಿಯರು ಕುರುಬರು. ಬೆಂಕಿ ಹಾಕುವ ಅಲಾಯಿ ಕುಣಿಯ ಸುತ್ತ ನಿಂತು ಹಾಡುತ್ತಾ ಹಾಡುತ್ತಾ ಅವರೇ ಮೊದಲು ಅಳುತ್ತಿದ್ದರು. ದೇವರಿಗೆ ಸಕ್ಕರೆ ಓದಿಸಿಕೊಂಡು ಬಂದು ನಮ್ಮ ಅವ್ವ ಅದನ್ನೇ ಚಹಾಕ್ಕೆ ಹಾಕುತ್ತಿದ್ದಳು.

ಸೊಸೆಗೆ ಉತ್ತರ ಇಷ್ಟು ಸಾಕು: "ನಮ್ಮಪ್ಪ ಹಾಡ್ತಿದ್ದ, ಅದಕ್ಕ."

*

"ಅಕ್ಕೋರೇ, ನಿಮಗೆ ಹಾಡೋಕೆ ಬರುತ್ತಾ? ಖರೇ ಹೇಳ್ರಿ."
– ನಿಮ್ಮ ಹಳೇ ವಿದ್ಯಾರ್ಥಿ, ಕಾರಟಗಿ

ನೀನು ಯಾರು ಅಂತ ಗೊತ್ತಾಯಿತು. ಪ್ರಾರ್ಥನೆಯಲ್ಲಿ ನಾನು ಶ್ರುತಿ ಎತ್ತಿದ ಕೂಡಲೇ ಹಿಂದಿನ ಸಾಲಿನಲ್ಲಿ ಕಿಸಕ್ ಅಂದವನು ನೀನೇ ಅಲ್ವಾ? ಬರೋದಿಲ್ಲ. ಆದರೆ ಮಿಕ್ಸಿ ಹಾಕಿದಾಗ ಮಾತ್ರ ನನಗೇ ಗೊತ್ತಿಲ್ಲದೆ ಬಾಯಿ ಗುನುಗುತ್ತದೆ. ಶೇಂಗಾ ಚಟ್ನಿಗೆ ಒಂದು ನುಡಿ ಸಾಕಾಗುತ್ತದೆ. ಅಗಸಿ ಚಟ್ನಿಗೆ ಎರಡು.